ಮಾರ್ಕಸ್ ಎಕ್ಸ್‌ಪಿ ಕದಿಯುತ್ತಾನಾ? ಫೈರ್ ಎಂಬ್ಲಮ್‌ನಲ್ಲಿ ಯಾರು ಕೆಲಸಕ್ಕೆ ಬರ್ತಾರೆ, ಯಾರು ಬರಲ್ಲ

ಬೆಳ್ಳಿಭರ್ಜಿ

ಫೈರ್ ಎಂಬ್ಲಮ್ ಅನ್ನೋ ಯುದ್ಧತಂತ್ರದ ವಿಡಿಯೋ ಗೇಮ್ ಸರಣಿಯ ಬ್ಲೇಜಿಂಗ್ ಬ್ಲೇಡ್ ಆಟವನ್ನ ಹೊಸದಾಗಿ ಶುರು ಮಾಡಿದವರು ಇಲ್ಲಿ "ಯಾರನ್ನ ಬೆಳೆಸಲಿ?" ಅಂತ ಕೇಳಿದ್ದರು. ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ. "ಮಾರ್ಕಸ್ ಕೈಯಿಂದ ಆಯುಧ ಕಿತ್ಕೊಂಡು ಮೂಲೆಗೆ ಕೂರಿಸಿ, ಅವನು ಬೇರೆಯವರ ಎಕ್ಸ್‌ಪಿ (ಶತ್ರುವನ್ನ ಹೊಡೆದರೆ ಸಿಗೋ, ಲೆವೆಲ್ ಏರಿಸೋ ಅಂಕ) ಕದಿಯುತ್ತಾನೆ." 2003ರಲ್ಲಿ ಆಟ ಬಂದಾಗಿನಿಂದ ಇದೇ ರಾಗ.

ನನ್ನ ವಾದ ಇಷ್ಟು. ಒಬ್ಬ ಕ್ಯಾರೆಕ್ಟರ್ ಕೊನೆಗೆ ಎಷ್ಟು ದೊಡ್ಡವನಾಗ್ತಾನೆ ಅನ್ನೋದು ಆಮೇಲಿನ ಮಾತು. ಕಷ್ಟದ ಮ್ಯಾಪ್‌ಗಳಲ್ಲಿ ಅವನು ನಿಮ್ಮ ಜೊತೆ ಇದ್ದನಾ, ಇದ್ದಾಗ ಏನು ಮಾಡಿದ ಅನ್ನೋದೇ ಮುಖ್ಯ. ಮಾರ್ಕಸ್ ಬರುವಾಗಲೇ ಪ್ಯಾಲಡಿನ್, ಅಂದ್ರೆ ಮೇಲಿನ ಕ್ಲಾಸ್‌ಗೆ ಪ್ರಮೋಟ್ ಆಗಿರೋ ಕುದುರೆ ಸವಾರ. ಶಕ್ತಿ 15, ವೇಗ 11, ಕೈಯಲ್ಲಿ ಸಿಲ್ವರ್ ಲ್ಯಾನ್ಸ್. ಅವನ ಪಕ್ಕದಲ್ಲೇ ಕುದುರೆ ಓಡಿಸೋ ಲೋವೆನ್‌ನ ಶಕ್ತಿ 7. ಮೊದಲ ಅಧ್ಯಾಯಗಳಲ್ಲಿ ಲೋವೆನ್ ಎರಡು ಟರ್ನ್ ಗುದ್ದಾಡಿ ಬೀಳಿಸೋ ಶತ್ರುವನ್ನ ಮಾರ್ಕಸ್ ಒಂದೇ ಏಟಿಗೆ ಮುಗಿಸ್ತಾನೆ. ಅತಿ ಕಷ್ಟದ ಹೆಕ್ಟರ್ ಹಾರ್ಡ್ ಮೋಡ್‌ನಲ್ಲಿ ಅವನನ್ನ ಮೂಲೆಗೆ ಕೂರಿಸಿ ನೋಡಿ, ಗೊತ್ತಾಗುತ್ತೆ.

ಈ ಭಯ ಬಂದಿದ್ದು 1990ರ ಮೊದಲ ಆಟದಿಂದ. ಅಲ್ಲಿ ಜೇಗನ್ ಅನ್ನೋ ಮುದುಕ ಪ್ಯಾಲಡಿನ್ ಇದ್ದ. ಶುರುವಿನಲ್ಲಿ ಗಟ್ಟಿ, ಲೆವೆಲ್ ಏರಿದರೂ ಏನೂ ಬೆಳೆಯಲ್ಲ. ಆಮೇಲೆ ಬಂದ ಇಂಥ ಎಲ್ಲರಿಗೂ "ಜೇಗನ್" ಅಂತಲೇ ಹೆಸರು ಬಿತ್ತು. ಹೆಸರಿನ ಜೊತೆ ಕಳಂಕವೂ ಅಂಟಿತು.

ನೀನೋ_ನನ್ನ_ತಂಗಿ

ಮೊದಲ ಹತ್ತು ಅಧ್ಯಾಯ ಗೆಲ್ಲಿಸಿದ, ಸರಿ. ಕೊನೆಯ ಹತ್ತರಲ್ಲಿ? ಫೈನಲ್ ಮ್ಯಾಪ್‌ನಲ್ಲಿ ನಿಮ್ಮ ಮಾರ್ಕಸ್ ಏನು ಮಾಡ್ತಾನೆ, ಬಾಗಿಲು ಕಾಯ್ತಾನಾ? ಅವನು ಹೊಡೆದ ಒಬ್ಬೊಬ್ಬ ಡಕಾಯಿತನೂ ಲೋವೆನ್‌ಗೋ ಬಿಲ್ಲುಗಾರ್ತಿ ರೆಬೆಕಾಗೋ ಸಿಗಬೇಕಿದ್ದ ಲೆವೆಲ್. ಪ್ರಮೋಟ್ ಆದವನಿಗೆ ಅದೇ ಕಿಲ್‌ಗೆ ಚೂರುಪಾರು ಎಕ್ಸ್‌ಪಿ ಸಿಗುತ್ತೆ. ಮಿಕ್ಕಿದ್ದು ಗಾಳಿಗೆ ಹೋಯ್ತು. ಇದನ್ನ ಕಳ್ಳತನ ಅನ್ನದೆ ಇನ್ನೇನು ಅನ್ನೋದು?

ಬೆಳ್ಳಿಭರ್ಜಿ

ಶತ್ರುಗಳು ಏನು ಅಷ್ಟು ಕಡಿಮೆನಾ? ಪೂರ್ತಿ ಆಟದಲ್ಲಿ ಬರೋ ಶತ್ರುಗಳನ್ನ ಲೆಕ್ಕ ಹಾಕಿದರೆ ಶುರುವಿನ ನಾಲ್ಕಾರು ಡಕಾಯಿತರು ಯಾವ ಮೂಲೆಗೆ? ಆ ಲೆವೆಲ್‌ಗಳನ್ನ ಮಧ್ಯದಲ್ಲಿ ಒಂದೇ ಮ್ಯಾಪ್‌ನಲ್ಲಿ ತುಂಬಿಕೊಳ್ಳಬಹುದು.

ಎಲ್ಲರನ್ನೂ ಮಾರ್ಕಸ್ ಕೈಯಲ್ಲೇ ಕೊಲ್ಲಿಸಿ ಅಂತ ಯಾರು ಹೇಳಿದ್ರು? ಅವನಿಗೆ ಐರನ್ ಸ್ವೋರ್ಡ್ ಕೊಟ್ಟು ಮುಂದೆ ನಿಲ್ಲಿಸಿ. ಶತ್ರುಗಳು ಬಂದು ಅವನಿಗೆ ಹೊಡೆದು ವಾಪಸ್ ಏಟು ತಿಂತಾರೆ, ಅರ್ಧ ಜೀವ ಹೋಗಿರುತ್ತೆ. ಮುಂದಿನ ಟರ್ನ್‌ನಲ್ಲಿ ರೆಬೆಕಾ ಬಾಣ ಬಿಟ್ಟು ಮುಗಿಸ್ತಾಳೆ. ಎಕ್ಸ್‌ಪಿ ಅವಳದ್ದೇ. ಮಾರ್ಕಸ್ ಇಲ್ಲದಿದ್ರೆ ಅವಳು ಆ ಶತ್ರುವಿನ ಹತ್ತಿರ ಸುಳಿಯೋದಕ್ಕೂ ಆಗ್ತಿರಲಿಲ್ಲ.

ಹುಬ್ಬಳ್ಳಿ_ಹೆಕ್ಟರ್

ನಡುವೆ ಬಾಯಿ ಹಾಕ್ತೀನಿ. "ಎಕ್ಸ್‌ಪಿ ಕದಿಯುತ್ತಾನೆ" ಅನ್ನೋದನ್ನ ಜನ ಸುಮ್ನೆ ಹುಟ್ಟಿಸಿಲ್ಲ. ಆ ಆಟವೇ ಹಾಗೆ ಹೇಳಿಕೊಟ್ಟಿತ್ತು. ಬ್ಲೇಜಿಂಗ್ ಬ್ಲೇಡ್ ಮುಗಿಸಿದಾಗ ರ‍್ಯಾಂಕ್ ಕೊಡ್ತಿತ್ತು, ನೆನಪಿದೆಯಾ? ಟ್ಯಾಕ್ಟಿಕ್ಸ್, ಸರ್ವೈವಲ್, ಫಂಡ್ಸ್, ಎಕ್ಸ್‌ಪೀರಿಯೆನ್ಸ್, ಕಾಂಬ್ಯಾಟ್. ಟ್ಯಾಕ್ಟಿಕ್ಸ್ ಅಂದ್ರೆ ಬೇಗ ಮುಗಿಸು. ಎಕ್ಸ್‌ಪೀರಿಯೆನ್ಸ್ ಅಂದ್ರೆ ಚೆನ್ನಾಗಿ ಲೆವೆಲ್ ಏರಿಸು. ಮಾರ್ಕಸ್ ಮೊದಲನೆಯದಕ್ಕೆ ಬೇಕು, ಎರಡನೆಯದಕ್ಕೆ ಅಡ್ಡಿ. ಐದಕ್ಕೂ ಒಳ್ಳೆ ಅಂಕ ಬೇಕು ಅಂತ ಆಡೋನಿಗೆ ಅವನನ್ನ ಎಲ್ಲಿ ಬಳಸಬೇಕು, ಎಲ್ಲಿ ಹಿಂದೆ ಹಿಡೀಬೇಕು ಅನ್ನೋದೇ ಆಟ ಆಗ್ತಿತ್ತು.

ಈಗ ರ‍್ಯಾಂಕ್ ಯಾರೂ ನೋಡಲ್ಲ. ಟೈರ್ ಲಿಸ್ಟ್ (ಯಾರು ಮೇಲೆ, ಯಾರು ಕೆಳಗೆ ಅನ್ನೋ ಪಟ್ಟಿ) ಮಾಡೋರು "ಕಡಿಮೆ ಟರ್ನ್, ಕಡಿಮೆ ರಿಸ್ಕ್" ಅಷ್ಟನ್ನೇ ಅಳೀತಾರೆ. ಅಳತೆ ಬದಲಾದ ಕೂಡಲೇ ಮಾರ್ಕಸ್ ಕೆಳಗಿಂದ ಮೇಲಕ್ಕೆ ಹಾರಿದ. ಅವನ ಸ್ಟ್ಯಾಟ್ ಒಂದೂ ಬದಲಾಗಿಲ್ಲ ನೋಡ್ರಿ.

ಪಡುವಣ_ಪೆಗಾಸಸ್

ಹುಬ್ಬಳ್ಳಿಯವರೇ, ಮೇಲಿನ ಮೂರು ಪೋಸ್ಟ್‌ಗಿಂತ ನಿಮ್ಮದೊಂದೇ ಸಾಕು ಮಾರಾಯ್ರೆ.

ಒಂದು ಸೇರಿಸ್ತೇನೆ. ಮಾರ್ಕಸ್‌ನ ಅರ್ಧ ಬೆಲೆ ಅವನ ಕತ್ತಿಯಲ್ಲಿ ಇಲ್ಲ, ಕುದುರೆಯಲ್ಲಿ ಉಂಟು. ಪ್ಯಾಲಡಿನ್ 8 ಚೌಕ ನಡೀತಾನೆ. ಮೈತುಂಬ ಕವಚ ಹೊತ್ತ ಆರ್ಮರ್ ನೈಟ್ ನಡೆಯೋದು 4. ಆ ಕಾಲದ ಆಟಗಳಲ್ಲಿ ರೆಸ್ಕ್ಯೂ ಇತ್ತಲ್ಲ, ಒಬ್ಬನನ್ನ ಇನ್ನೊಬ್ಬ ಎತ್ಕೊಂಡು ಹೋಗೋದು? ಕುದುರೆಯವರು ಎತ್ಕೊಂಡ ಮೇಲೂ ಉಳಿದ ಹೆಜ್ಜೆ ನಡೀಬಹುದಿತ್ತು. ಮಾರ್ಕಸ್ ಇರೋ ಇನ್ನೊಂದು ಆಟ ಬೈಂಡಿಂಗ್ ಬ್ಲೇಡ್‌ನಲ್ಲಿ ಕಥಾನಾಯಕ ರಾಯ್ ಇಡೀ ಆಟ ಒಂದು ಹೊರೆ. ಪ್ರಮೋಟ್ ಆಗೋದು 21ನೇ ಅಧ್ಯಾಯ ಮುಗಿದ ಮೇಲೆ. ಆದರೆ ಸಿಂಹಾಸನ ಹಿಡಿಯೋಕೆ ಅವನೇ ಬೇಕು. ಮ್ಯಾಪ್‌ಗಳೋ ಮೈಲುಗಟ್ಟಲೆ ಉದ್ದ. ಅವನನ್ನ ಎತ್ಕೊಂಡು ಓಡೋರು ಯಾರು? ಮಾರ್ಕಸ್, ಅಲೆನ್, ಲ್ಯಾನ್ಸ್, ಇಲ್ಲಾಂದ್ರೆ ಒಂದು ಪೆಗಾಸಸ್. ಲೆವೆಲ್ 20ರ ಸ್ಟ್ಯಾಟ್ ಪಟ್ಟಿಯಲ್ಲಿ ಈ ಕೆಲಸ ಎಲ್ಲಿ ಕಾಣ್ತದೆ?

ಆಮೇಲೆ ರೆಸ್ಕ್ಯೂ ತೆಗೆದರು. 2012ರ ಅವೇಕನಿಂಗ್‌ನಲ್ಲಿ ಪೇರ್ ಅಪ್ ಬಂತು. ಎತ್ಕೊಂಡವನಿಗೆ ಮೊದಲು ಸ್ಕಿಲ್, ಸ್ಪೀಡ್ ಅರ್ಧ ಆಗ್ತಿತ್ತು. ಪೇರ್ ಅಪ್‌ನಲ್ಲಿ ಉಲ್ಟಾ, ಜೊತೆಗಾರನಿಂದ ಸ್ಟ್ಯಾಟ್ ಏರ್ತದೆ. ಅದೂ ಎಷ್ಟು ಜೋರು ಅಂದ್ರೆ ಅಲ್ಲಿನ ಜೇಗನ್ ಆದ ಫ್ರೆಡರಿಕ್‌ನ್ನ ಯಾರ ಬೆನ್ನಿಗೆ ಕಟ್ಟಿದರೂ ಅವರು ಗೋಡೆ ಆಗ್ತಿದ್ದರು. ಮುಂದಿನ ಆಟ ಫೇಟ್ಸ್‌ನಲ್ಲಿ ಅದನ್ನ ಎರಡು ತುಂಡು ಮಾಡಿದರು. ಹೊಡೆಯೋಕೆ ಪಕ್ಕದಲ್ಲಿ ನಿಲ್ಲು, ಕಾಯೋಕೆ ಬೆನ್ನಿಗೆ ಬಾ. ನನ್ನ ಕೇಳಿದರೆ ಇಡೀ ಸರಣಿಯಲ್ಲಿ ಅತಿ ಚೊಕ್ಕ ತಿದ್ದುಪಡಿ ಅದು.

ಗಜಗಮನ

"ಆರ್ಮರ್ ನೈಟ್ ನಡೆಯೋದು 4" ಅಂತ ಎಲ್ಲರೂ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗ್ತೀರಿ. ನಮ್ಮ ನೋವು ಯಾರಿಗೆ ಗೊತ್ತು.

ಬೈಂಡಿಂಗ್ ಬ್ಲೇಡ್‌ನ ವೆಂಡಿಯನ್ನೇ ತಗೊಳ್ಳಿ. 8ನೇ ಅಧ್ಯಾಯದಲ್ಲಿ ಲೆವೆಲ್ 1ಕ್ಕೆ ಬರ್ತಾಳೆ. ಶಕ್ತಿ 4, ಸ್ಕಿಲ್ 3, ವೇಗ 3. ಹೆಸರಿಗೆ ಆರ್ಮರ್ ನೈಟ್, ಡಿಫೆನ್ಸ್ ಬರೀ 8. ಅದೇ ಅಧ್ಯಾಯದಲ್ಲಿ ಜೊತೆಗೇ ಬಾರ್ತ್ ಬರ್ತಾನೆ, ಲೆವೆಲ್ 9, ಹೆಚ್ಚುಕಡಿಮೆ ಎಲ್ಲದರಲ್ಲೂ ಗಟ್ಟಿ. ಅಂದ್ರೆ ಆಟ ಮಾಡಿದವರಿಗೇ ಅವಳು ಅಲ್ಲಿ ಕೆಲಸಕ್ಕೆ ಬರಲ್ಲ ಅಂತ ಗೊತ್ತಿತ್ತು, ಅಲ್ವಾ? ಹಾಗಾದ್ರೆ ಯಾಕೆ ಇಟ್ಟರು? ನನಗೆ ಇದಕ್ಕೆ ಸರಿಯಾದ ಉತ್ತರ ಬೇಕು. "ಮುದ್ದಾಗಿದ್ದಾಳೆ" ಅನ್ನೋದು ಉತ್ತರ ಅಲ್ಲ.

ಒಂದೇ_ಸೇವ್

ಯಾಕೆ ಅಂದ್ರೆ ಈ ಸರಣಿಯಲ್ಲಿ ಸತ್ತವರು ಸತ್ತಂತೆಯೇ. ಆರ್ಮರ್ ನೈಟ್ ಬಾರ್ಸ್ 3ನೇ ಅಧ್ಯಾಯದಲ್ಲಿ ಹೋದ ಅಂತ ಇಟ್ಕೊಳ್ಳಿ. ಹೊಸಬ ರೀಸೆಟ್ ಮಾಡದೆ (ಅಧ್ಯಾಯವನ್ನ ಮತ್ತೆ ಮೊದಲಿಂದ ಆಡದೆ) ಮುಂದೆ ಹೋಗ್ತಾನೆ. ಆಗ 8ರಲ್ಲಿ ಇಬ್ಬರು ಬದಲಿ ಸಿಕ್ತಾರೆ. ಒಬ್ಬ ಈಗಲೇ ಕೆಲಸಕ್ಕೆ, ಒಬ್ಬಳು ಬೆಳೆಸೋಕೆ. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇದೆ. ಎಡವಟ್ಟು ಆಗಿದ್ದು ಅವಳನ್ನ ಬೆಳೆಸೋಕೆ ತಗಲೋ ಖರ್ಚಿನಲ್ಲಿ.

ನಿಜವಾಗಿ ಎಷ್ಟು ಜನ ರೀಸೆಟ್ ಮಾಡದೆ ಆಡ್ತಾರೆ ಅನ್ನೋದು ಬೇರೆ ಮಾತು. ನಾನು ಆಡ್ತೀನಿ. ಹೆಸರು ನೋಡಿ.

ಬೆಳ್ಳಿಭರ್ಜಿ

ಒಪ್ಪುವ ಮಾತು. ಆದರೆ ಬದಲಿ ಆಟಗಾರ ಬರೋದು ಶತ್ರು ಬಲವಾದ ಮೇಲೆ. ಅದೇ ತೊಂದರೆ. ಬ್ಲೇಜಿಂಗ್ ಬ್ಲೇಡ್‌ನ ಮಂತ್ರವಾದಿ ಹುಡುಗಿ ನೀನೋ ವಿಷಯವೂ ಇದೇ, ಹೇಳಿದರೆ ಇಲ್ಲೊಬ್ಬರಿಗೆ ಸಿಟ್ಟು ಬರುತ್ತೆ.

ನೀನೋ ಬರೋದು ಎಲಿವುಡ್ ಕಥೆಯ 26ನೇ ಅಧ್ಯಾಯದಲ್ಲಿ. ಲೆವೆಲ್ 5, ಎಚ್‌ಪಿ (ಜೀವ) 19. ಗ್ರೋತ್ (ಲೆವೆಲ್ ಏರಿದಾಗ ಒಂದೊಂದು ಸ್ಟ್ಯಾಟ್ ಏರೋ ಶೇಕಡಾ ಸಾಧ್ಯತೆ) ಚೆನ್ನಾಗಿವೆ, ಮ್ಯಾಜಿಕ್ 50, ಸ್ಪೀಡ್ 60. ಆಫಾಸ್ ಡ್ರಾಪ್ಸ್ ಕುಡಿಸಿದರೆ ಎಲ್ಲಕ್ಕೂ ಇನ್ನೊಂದು 5 ಸೇರುತ್ತೆ. ಈಗ ಅವಳ ಮೈಕಟ್ಟು ನೋಡಿ, ಕಾನ್ 3. ಎಲ್‌ಫೈರ್ ಮಂತ್ರಪುಸ್ತಕದ ತೂಕ 10. ಕಾನ್‌ಗಿಂತ ಎಷ್ಟು ಭಾರವೋ ಅಷ್ಟು ವೇಗ ಇಳಿಯುತ್ತೆ. ಕೈಗೆ ಕೊಟ್ಟ ಕೂಡಲೇ ವೇಗದಲ್ಲಿ 7 ಹೋಯ್ತು. 11 ಇದ್ದದ್ದು 4 ಆಯ್ತು. ಆ ಆಟದಲ್ಲಿ ಶತ್ರುವಿಗೆ ನಮಗಿಂತ 4 ವೇಗ ಜಾಸ್ತಿ ಇದ್ರೆ ಸಾಕು, ಎರಡು ಸಲ ಹೊಡೀತಾನೆ. 19 ಎಚ್‌ಪಿ ಎಷ್ಟು ಹೊತ್ತು ತಡೆಯುತ್ತೆ? ಬರೀ ಫೈರ್ ಕೊಟ್ಟರೆ ತೂಕ 4, ವೇಗ ಉಳಿಯುತ್ತೆ, ಏಟು ನಾಟಲ್ಲ. ಆಟ ಮುಗಿಯೋಕೆ ಬಂದಿದೆ, ಪೆಂಟ್ ಆಗಲೇ ಸೇಜ್ (ಪ್ರಮೋಟ್ ಆದ ಮಂತ್ರವಾದಿ) ಆಗಿ ಪಕ್ಕದಲ್ಲಿ ನಿಂತಿದ್ದಾನೆ. ಕೊನೇ ಓವರ್‌ನಲ್ಲಿ 20 ರನ್ ಬೇಕಿದ್ದಾಗ, ಅಂಡರ್ 16 ಹುಡುಗನನ್ನ ಮುಂದೆ ದೊಡ್ಡ ಬ್ಯಾಟ್ಸ್‌ಮನ್ ಆಗ್ತಾನೆ ಅಂತ ಕಳಿಸಿದ ಹಾಗೆ.

ನೀನೋ_ನನ್ನ_ತಂಗಿ

ಬಂತು, ಸಿಟ್ಟು ಬಂತು.

ಅವಳು ಬರೋ ಮ್ಯಾಪ್ ಯಾವುದು ಹೇಳಿ. ಬ್ಯಾಟಲ್ ಬಿಫೋರ್ ಡಾನ್. ರಾಜಕುಮಾರ ಜೆಫಿಯಲ್‌ನ ಕೊಲ್ಲೋಕೆ ಬ್ಲ್ಯಾಕ್ ಫ್ಯಾಂಗ್ ಅನ್ನೋ ಹಂತಕರ ಗುಂಪಿನವರು ಬಂದಿರ್ತಾರೆ. ಆ ಕೆಲಸಕ್ಕೆ ಕಳಿಸಿದ ಹುಡುಗೀನೇ ಬೇಡ ಅಂತ ತಿರುಗಿ ನಿಲ್ತಾಳೆ. ಅವಳನ್ನ ಮುಗಿಸಬೇಕಿದ್ದ ಜಾಫರ್ ಅವಳ ಪಕ್ಕ ನಿಂತು ಕಾಯ್ತಾನೆ. ಅದೇ ಜೆಫಿಯಲ್ 20 ವರ್ಷ ಆದ ಮೇಲೆ ಬೈಂಡಿಂಗ್ ಬ್ಲೇಡ್‌ನಲ್ಲಿ ವಿಲನ್ ಆಗಿ ಬರ್ತಾನೆ. ಅಂಥ ಹುಡುಗಿಯನ್ನ ಲೆವೆಲ್ 15 ಸೇಜ್ ಮಾಡಿ ಕೊಟ್ಟಿದ್ರೆ ಕಥೆ ನಿಲ್ತಿತ್ತಾ? ಯಾರೂ ಏನೂ ಕಲಿಸದ ಮಗು ಅವಳು. ಕಡಿಮೆ ಲೆವೆಲ್‌ನಲ್ಲಿ ಬರೋದೇ ಅವಳ ಕಥೆ.

ಇನ್ನೂ ಒಂದು. 2017ರಲ್ಲಿ ಫೈರ್ ಎಂಬ್ಲಮ್ ಹೀರೋಸ್ ಮೊಬೈಲ್‌ಗೆ ಬಂದಾಗ ಶುರುವಿನಲ್ಲಿ ಎಲ್ಲರನ್ನೂ ಹಾರಿಸ್ತಾ ಇದ್ದವರು ಯಾರು? ಗ್ರೋನ್‌ಬ್ಲೇಡ್ ಹಿಡಿದ ನೀನೋ. ಅವಳ ಬಫ್‌ಗಳೆಲ್ಲ (ತಾತ್ಕಾಲಿಕವಾಗಿ ಏರಿದ ಸ್ಟ್ಯಾಟ್) ಏಟಿಗೆ ಸೇರ್ಕೊಳ್ತಿದ್ದವು. ಕ್ಯಾರೆಕ್ಟರ್ ಅದೇ, ರೂಲ್ಸ್ ಬೇರೆ.

ಬೆಳ್ಳಿಭರ್ಜಿ

ಕಥೆಗೆ ಅವಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳ್ತಿರೋದು ಮುಂದಿನ ಮ್ಯಾಪ್‌ಗೆ ಹತ್ತು ಹನ್ನೆರಡು ಜನರನ್ನ ಆರಿಸೋವಾಗ ಅವಳ ಹೆಸರು ಯಾಕೆ ಟಿಕ್ ಮಾಡಲಿ ಅಂತ. ಕಥೆ ಅವಳನ್ನ ಕಡಿಮೆ ಲೆವೆಲ್‌ನಲ್ಲೇ ಕೊಡಲಿ, ಒಂದು ಹಗುರ ಪುಸ್ತಕ ಜೊತೆಗೆ ಕೊಟ್ಟಿದ್ರೆ ಏನಾಗ್ತಿತ್ತು? ಅವಳಿಗೇ ಅಂತ ಮಾಡಿದ್ದು, ತೂಕ 2, ಏಟು ಚೆನ್ನಾಗಿರೋದು. ಮುಂದಿನ ಆಟಗಳಲ್ಲಿ ಇಂಥದ್ದನ್ನ ಮಾಡಿದ್ದಾರೆ ಕೂಡ. ಅವೇಕನಿಂಗ್‌ನಲ್ಲಿ ಹಳ್ಳಿ ಹುಡುಗ ಡಾನೆಲ್‌ಗೆ ಆಪ್ಟಿಟ್ಯೂಡ್ ಸ್ಕಿಲ್ ಕೊಟ್ಟು ಎಲ್ಲ ಗ್ರೋತ್‌ಗೂ 20 ಸೇರಿಸಿದರು. ಬರೋದೂ ಬೇಗ ಬರ್ತಾನೆ.

ಹುಬ್ಬಳ್ಳಿ_ಹೆಕ್ಟರ್

ಅದಕ್ಕಿಂತ ಮೊದಲೇ ಸೇಕ್ರೆಡ್ ಸ್ಟೋನ್ಸ್ ಒಂದು ದಾರಿ ಹುಡುಕಿತ್ತು. ರಾಸ್, ಅಮೇಲಿಯಾ, ಇವಾನ್, ಈ ಮೂವರು ಟ್ರೈನೀಗಳು. 10ನೇ ಲೆವೆಲ್‌ಗೆ ಮಾಮೂಲಿ ಕ್ಲಾಸ್, ಆಮೇಲೆ ಇನ್ನೊಂದು ಪ್ರಮೋಷನ್. ಜೊತೆಗೆ ವರ್ಲ್ಡ್ ಮ್ಯಾಪ್, ಟವರ್ ಆಫ್ ವಾಲ್ನಿ. ಬೇಕಾದಷ್ಟು ರಾಕ್ಷಸರನ್ನ ಬಡಿದು ಬೆಳೆಸ್ಕೊಳ್ರಿ ಅಂತ ಬಿಟ್ಟರು. ಎಕ್ಸ್‌ಪಿ ಬಡತನ ಹೋಯ್ತು. ಹಾಗೇ ನೋಡಿದರೆ ಆ ಆಟದಲ್ಲಿ "ಯಾರು ಉಪಯೋಗ" ಅನ್ನೋ ಪ್ರಶ್ನೆಯೇ ಸಡಿಲ ಆಯ್ತು.

ಆದರೆ ಅದೇ ಆಟದಲ್ಲಿ ಸೇಥ್‌ನನ್ನೂ ಇಟ್ಟರು! ಅದು ಮಾತ್ರ ನನಗೆ ಇವತ್ತಿಗೂ ತಲೆ ಬುಡ ಅರ್ಥ ಆಗಿಲ್ಲ.

ಬೆಳ್ಳಿಭರ್ಜಿ

ಸೇಥ್ ಬಗ್ಗೆ ಬರೀಬೇಕು ಅಂತಲೇ ಈ ಥ್ರೆಡ್ ತೆಗೆದಿದ್ದು.

ಮೂರು ಆಟ, ಮೂರು ಪ್ಯಾಲಡಿನ್. ಶಕ್ತಿಯ ಗ್ರೋತ್ ಮಾತ್ರ ನೋಡಿ. 2002ರ ಬೈಂಡಿಂಗ್ ಬ್ಲೇಡ್‌ನಲ್ಲಿ ಮಾರ್ಕಸ್‌ಗೆ 25. ಮರುವರ್ಷದ ಬ್ಲೇಜಿಂಗ್ ಬ್ಲೇಡ್‌ನಲ್ಲಿ ಅವನಿಗೇ 30, ಶುರುವಿನ ಶಕ್ತಿ 9ರಿಂದ 15ಕ್ಕೆ ಏರಿಸಿದ್ದರು. ಕಥೆ 20 ವರ್ಷ ಹಿಂದಿನದು, ಪ್ರಾಯ ಚಿಕ್ಕದು, ಸರಿಯಾಗೇ ಇದೆ. 2004ರ ಸೇಕ್ರೆಡ್ ಸ್ಟೋನ್ಸ್‌ನಲ್ಲಿ ಸೇಥ್‌ಗೆ 50. ವೇಗ 45, ಡಿಫೆನ್ಸ್ 40, ಎಚ್‌ಪಿ 90. ಇದು ಮುದುಕನ ಗ್ರೋತ್ ಅಲ್ಲವೇ ಅಲ್ಲ. ಬೆಳೆಸಬೇಕಾದ ಹುಡುಗರಿಗೇ ಇಷ್ಟು ಸಿಗಲ್ಲ. ಬರೋದು ಪ್ರೊಲಾಗ್‌ನಲ್ಲಿ, ಪ್ರಮೋಟ್ ಆಗಿ, ಸಿಲ್ವರ್ ಲ್ಯಾನ್ಸ್ ಜೊತೆ. ಶತ್ರುಗಳೂ ಸಪ್ಪೆ. ಒಬ್ಬನನ್ನೇ ಬಿಟ್ಟು ಆಟ ಮುಗಿಸಬಹುದು.

ತಮಾಷೆ ಏನು ಗೊತ್ತಾ, ಕಥೆಯ ಪ್ರಕಾರ ವಾಲ್ಟರ್ ಹೊಡೆದ ಗಾಯ ಅವನಿಗೆ ಇನ್ನೂ ಮಾಸಿಲ್ಲ. ಆ ಗಾಯಕ್ಕೆ ಒಂದು ಸ್ಟ್ಯಾಟ್ ಕೂಡ ಇಳಿಸಿಲ್ಲ ನೋಡಿ! ಅರ್ಧ ಆಟದವರೆಗೆ ಗ್ರೋತ್ ಇಳಿಸಿ ಆಮೇಲೆ ವಾಸಿ ಆಯ್ತು ಅಂತ ಏರಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಮಾರ್ಕಸ್ ನಿಮ್ಮನ್ನ ಯೋಚನೆ ಮಾಡೋಕೆ ಹಚ್ತಾನೆ, ಈಗ ಬಳಸಲಾ ಬೇಡ್ವಾ ಅಂತ. ಸೇಥ್ ಇದ್ರೆ ಆ ಯೋಚನೆಯೇ ಬೇಡ. ಮಾರ್ಕಸ್‌ನನ್ನ ಹೊಗಳಿ ಸೇಥ್‌ನನ್ನ ಬೈಯ್ತೀನಿ ಅಂತ ಯಾರಾದ್ರೂ ಕೇಳೋ ಮುಂಚೆ ಹೇಳಿಬಿಡ್ತೀನಿ. ಉಪಯೋಗದ ಲೆಕ್ಕದಲ್ಲಿ ಸೇಥ್ ಮೇಲೆ, ಡಿಸೈನ್ ಲೆಕ್ಕದಲ್ಲಿ ಮಾರ್ಕಸ್ ಮೇಲೆ.

ಹೊಸಬ_2019

ನಾನು ಥ್ರೀ ಹೌಸಸ್‌ನಿಂದ ಶುರು ಮಾಡಿದವನು, ನಿಮ್ಮ ಗ್ಯಾಂಗ್ ಮಾತು ಅರ್ಧ ತಲೆ ಮೇಲಿಂದ ಹೋಗ್ತಿದೆ. ನಮ್ಮಲ್ಲಿ ಈ ಜಗಳವೇ ಇಲ್ವಲ್ಲ? ಯಾರನ್ನ ಬೇಕಾದ್ರೂ ಯಾವ ಕ್ಲಾಸ್ ಬೇಕಾದ್ರೂ ಮಾಡಬಹುದು. ನನಗೆ ಇಷ್ಟವಾದ ಹುಡುಗಿಯನ್ನ ವೈವರ್ನ್ (ಹಾರೋ ಡ್ರ್ಯಾಗನ್) ಮೇಲೆ ಕೂರಿಸಿದೆ, ಮುಗೀತು.

ಗಜಗಮನ

ಅಲ್ಲೇ ತೊಂದರೆ ಇರೋದು ಗುರು! ಇಷ್ಟವಾದವರನ್ನೆಲ್ಲ ವೈವರ್ನ್ ಮೇಲೆ ಕೂರಿಸಿದರೆ ಇಡೀ ಸೈನ್ಯ ವೈವರ್ನ್. ಹಾರೋದು, ಕೊಡಲಿ ಹಿಡಿಯೋದು, ಹೊಡೆದು ವಾಪಸ್ ಬರೋದು. ಹೆಸರು ಬೇರೆ, ಮುಖ ಬೇರೆ, ಕೆಲಸ ಒಂದೇ. ಅತಿ ಕಷ್ಟದ ಮ್ಯಾಡನಿಂಗ್ ಮೋಡ್ ಆಡಿದ ಯಾರನ್ನಾದ್ರೂ ಕೇಳಿ.

ಹೊಸಬ_2019

ಪೂರ್ತಿ ಹಾಗೇನೂ ಇಲ್ಲ. ಬರ್ನಡೆಟಾಗೆ ಏಟು ತಿಂದಾಗ ಶಕ್ತಿ ಏರೋ ಸ್ವಂತ ಸ್ಕಿಲ್ ಇದೆ, ಲೈಸಿಥಿಯಾಗೆ ಕಲಿಕೆ ಬೇಗ ಆಗುತ್ತೆ. ಕ್ಲಾಸ್ ಒಂದೇ ಆದ್ರೂ ಮನುಷ್ಯ ಒಂದೇ ಆಗಲ್ಲ. ಜೊತೆಗೆ ಕೆಲವು ಕ್ಲಾಸ್‌ಗೆ ಬೇಲಿ ಕೂಡ ಹಾಕಿದ್ದಾರೆ. ಪೆಗಾಸಸ್ ಹೆಂಗಸರಿಗೆ ಮಾತ್ರ, ವಾರ್ ಮಾಸ್ಟರ್ ಗಂಡಸರಿಗೆ ಮಾತ್ರ. ನನಗೆ ಆ ಬೇಲಿ ಇಷ್ಟ ಇಲ್ಲ, ಅದು ಬೇರೆ ಮಾತು.

ನಮ್ಮ ಆಟದ ಡಿಡ್ಯೂ ವಿಷಯಕ್ಕೆ ಮಾತ್ರ ನಿಮ್ಮ ಲೆಕ್ಕ ಹಿಡಿಸ್ತು. ಅವನು ಗಟ್ಟಿ ಮನುಷ್ಯ. ಆದರೆ ಕಥೆ ಐದು ವರ್ಷ ಮುಂದೆ ಹಾರಿದ ಮೇಲೆ ಕೆಲವು ಅಧ್ಯಾಯ ಇರೋದೇ ಇಲ್ಲ. ಅವನ ಪ್ಯಾರಲಾಗ್ (ಉಪಕಥೆಯ ಅಧ್ಯಾಯ) ಮೊದಲೇ ಮುಗಿಸಿರದಿದ್ರೆ ವಾಪಸ್ ಬರೋದೂ ಇಲ್ಲ. ಎಷ್ಟು ಗಟ್ಟಿ ಇದ್ದು ಏನು, ಬೇಕಾದಾಗ ಇಲ್ಲ.

ಬೆಳ್ಳಿಭರ್ಜಿ

ನೋಡಿ, ಇದನ್ನೇ ನಾನು ಮೊದಲ ಪೋಸ್ಟ್‌ನಲ್ಲಿ ಹೇಳಿದ್ದು.

ಪಡುವಣ_ಪೆಗಾಸಸ್

ವೆಪನ್ ಟ್ರಯಾಂಗಲ್ ತೆಗೆದದ್ದೂ ಅದೇ ಆಟ ಅಲ್ವಾ. ಕತ್ತಿ ಕೊಡಲಿಯನ್ನ, ಕೊಡಲಿ ಭರ್ಜಿಯನ್ನ, ಭರ್ಜಿ ಕತ್ತಿಯನ್ನ ಸೋಲಿಸೋದು 1996ರ ಜೀನಿಯಾಲಜಿಯಿಂದ ಬಂದ ಪದ್ಧತಿ. ಥ್ರೀ ಹೌಸಸ್‌ನಲ್ಲಿ ಮಾಯ ಆಯ್ತು. 2023ರ ಎಂಗೇಜ್‌ನಲ್ಲಿ ವಾಪಸ್ ಬಂತು, ಅದೂ ಹಲ್ಲು ಕಟ್ಟಿಸ್ಕೊಂಡು. ಟ್ರಯಾಂಗಲ್‌ನಲ್ಲಿ ಮೇಲುಗೈ ಆಗಿ ಏಟು ಬಿದ್ದರೆ ಶತ್ರು ಬ್ರೇಕ್ ಆಗ್ತಾನೆ, ಆಯುಧ ಕೈ ಜಾರ್ತದೆ, ತಿರುಗಿ ಹೊಡೆಯೋಕೆ ಆಗಲ್ಲ. ಯಾರು ಮೊದಲು ಹೋಗಬೇಕು ಅನ್ನೋದೇ ಒಂದು ಒಗಟು. ಕಡಿಮೆ ಶಕ್ತಿಯವನೂ ಬ್ರೇಕ್ ಮಾಡೋಕೆ ಬೇಕಾಗ್ತಾನೆ.

ಗಜಗಮನ

ಹಾಂ! ಆ ಬ್ರೇಕ್ ಯಾರಿಗೆ ಆಗಲ್ಲ? ಆರ್ಮರ್‌ನವರಿಗೆ. ಇಷ್ಟು ವರ್ಷಕ್ಕೆ ಒಂದು ನಿಜವಾದ ಕೆಲಸ ಕೊಟ್ಟರು. ಎಂಗೇಜ್‌ನ ಲೂಯಿ 4ನೇ ಅಧ್ಯಾಯದಲ್ಲಿ ಬರ್ತಾನೆ. ಕಿರುದಾರಿಯಲ್ಲಿ ಅವನನ್ನ ನಿಲ್ಲಿಸಿದೆ ಅಂದ್ರೆ ಕೊಡಲಿಯವನು ಬರಲಿ, ಕತ್ತಿಯವನು ಬರಲಿ, ಭರ್ಜಿ ಕೈ ಬಿಡಲ್ಲ. ಪ್ರತಿ ಶತ್ರುವೂ ತಿರುಗೇಟು ತಿಂದೇ ಹೋಗ್ಬೇಕು. ಮಂತ್ರವಾದಿ ಬಂದ್ರೆ ಮಾತ್ರ ಗೋವಿಂದ. ಅದು ಇರ್ಲಿ, ಎಲ್ಲರಿಗೂ ಒಂದು ಭಯ ಇರ್ಬೇಕು.

ಹೆಜ್ಜೆ ಜಾಸ್ತಿ ಕೊಟ್ಟು ಕುದುರೆ ಥರ ಮಾಡೋ ಬದಲು, ನಿಂತ ಜಾಗದಲ್ಲೇ ಬೆಲೆ ಬರೋ ಹಾಗೆ ಮಾಡಿದರು. ನನಗೆ ಬೇಕಾಗಿದ್ದು ಅದೇ.

ಒಂದೇ_ಸೇವ್

ಅದೇ ಎಂಗೇಜ್‌ನ ವ್ಯಾಂಡರ್ ನೋಡಿದ್ರಾ? ಜೇಗನ್ ವಂಶದವನೇ. ಬೇಗ ಸಪ್ಪೆ ಆಗ್ತಾನೆ. ಅವನ ಹಿಂದೆಯೇ 11ನೇ ಅಧ್ಯಾಯದಲ್ಲಿ ಐವಿ, ಕಗೆತ್ಸು ಥರದವರು ರೆಡಿಯಾಗಿ ಬಂದು ನಿಲ್ತಾರೆ. ಶುರುವಿನಿಂದ ಬೆಳೆಸಿದ ಎಷ್ಟೋ ಹುಡುಗರು ಬೆಂಚಿಗೆ ಹೋಗ್ತಾರೆ. ಈ ಆಟದಲ್ಲಿ ಹೊಸಬರು ಬಂದಷ್ಟೂ ಹಳಬರು ಹಳಸ್ತಾರೆ. ರೀಸೆಟ್ ಮಾಡದವರಿಗೆ ಇದು ಹಬ್ಬ. ಯಾರಾದ್ರೂ ಸತ್ತರೆ ಗೋಳು ಕಡಿಮೆ.

ನೀನೋ_ನನ್ನ_ತಂಗಿ

ಹಬ್ಬ ಅಂತೆ! ಮೂರನೇ ಅಧ್ಯಾಯದಿಂದ ಜೊತೆಗಿದ್ದ ಹುಡುಗನನ್ನ, ನಿನ್ನೆ ಬಂದವನ ವೇಗ ಎರಡು ಜಾಸ್ತಿ ಅಂತ ಬೆಂಚಿಗೆ ಕಳಿಸೋದಾ? ನಿಮ್ಮ ಜೊತೆ ಒಂದೇ ಸೈನ್ಯದಲ್ಲಿ ನಾನು ಇರಲ್ಲಪ್ಪ.

ಹುಬ್ಬಳ್ಳಿ_ಹೆಕ್ಟರ್

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಉಪಯೋಗದ ಮಾತು ಬಂದಾಗ ಹಿಟ್ ಪರ್ಸೆಂಟ್ ಹಿಂದಿನ ಲೆಕ್ಕ ತಿಳ್ಕೋಬೇಕು. ಬೈಂಡಿಂಗ್ ಬ್ಲೇಡ್‌ನಿಂದ ಶುರುವಾಗಿ ಎಷ್ಟೋ ಆಟಗಳಲ್ಲಿ ಎರಡು ರ‍್ಯಾಂಡಮ್ ನಂಬರ್ ತೆಗೆದು ಸರಾಸರಿ ನೋಡ್ತಾರೆ. ಪರದೆಯಲ್ಲಿ 80 ಅಂತ ಕಂಡರೆ ನಿಜವಾಗಿ 92ರ ಹತ್ತಿರ. 30 ಅಂತ ಕಂಡರೆ ನಿಜವಾಗಿ 18. ಅಂದ್ರೆ ತಪ್ಪಿಸ್ಕೊಳ್ಳೋ ಯೂನಿಟ್‌ಗಳು ಕಣ್ಣಿಗೆ ಕಾಣೋದಕ್ಕಿಂತ ಗಟ್ಟಿ. ಬೈಂಡಿಂಗ್ ಬ್ಲೇಡ್‌ನ ಕತ್ತಿವೀರ ರಟ್ಗರ್ ಅಷ್ಟು ಮೆರೆದಿದ್ದಕ್ಕೆ ಇದೂ ಒಂದು ಕಾರಣ. ಜೊತೆಗೆ ಸ್ವೋರ್ಡ್‌ಮಾಸ್ಟರ್ ಆದ್ರೆ ಕ್ರಿಟಿಕಲ್ (ಭಾರಿ ಏಟು ಬೀಳೋ ಸಾಧ್ಯತೆ) 30 ಸುಮ್ನೆ ಸಿಗ್ತಿತ್ತು, ಕೈಯಲ್ಲಿ ಅದನ್ನ ಇನ್ನೂ ಏರಿಸೋ ಕಿಲ್ಲಿಂಗ್ ಎಡ್ಜ್ ಕತ್ತಿ. ಸಿಂಹಾಸನದ ಮೇಲೆ ಕೂತ ಬಾಸ್‌ಗಳಿಗೆ ಏಟು ತಾಗಿಸೋದೇ ಕಷ್ಟದ ಆಟ ಅದು. ಅಲ್ಲಿ ಅವನು ಒಬ್ಬನೇ ಸಾಕಾಗ್ತಿದ್ದ. ಸೇಕ್ರೆಡ್ ಸ್ಟೋನ್ಸ್ ಹೊತ್ತಿಗೆ ಆ 30ನ್ನ 15ಕ್ಕೆ ಇಳಿಸಿದರು. ಒಂದು ಅಂಕಿ ಬದಲಾಯಿಸಿದ್ದಕ್ಕೆ ಒಂದು ಕ್ಲಾಸಿನ ದರ್ಬಾರು ಮುಗೀತು.

ಅವೇಕನಿಂಗ್‌ನ ನಾಸ್‌ಫೆರಾಟು ಮಂತ್ರದ ಕಥೆಯೂ ಇದೇ. ಹೊಡೆದಷ್ಟೂ ಜೀವ ವಾಪಸ್. ಒಬ್ಬ ಮಂತ್ರವಾದಿಯನ್ನ ನಡುವೆ ನಿಲ್ಲಿಸಿ ಎಂಡ್ ಟರ್ನ್ ಒತ್ತಿ ಚಹಾ ಕುಡಿಯೋಕೆ ಹೋಗಬಹುದಿತ್ತು. ಫೇಟ್ಸ್‌ನಲ್ಲಿ ಅದಕ್ಕೆ ಕ್ರಿಟಿಕಲ್ ಇಲ್ಲ, ಎರಡನೇ ಏಟೂ ಇಲ್ಲ ಅಂತ ಮಾಡಿದರು.

ಹೊಸಬ_2019

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್‌ನಲ್ಲೂ ಒಬ್ಬ ಸೇಥ್ ಇದ್ದಾನಲ್ಲ, ಓರ್ಲ್ಯಾಂಡೊ? ನಾಲ್ಕನೇ ಚಾಪ್ಟರ್‌ನಲ್ಲಿ ಎಕ್ಸ್‌ಕ್ಯಾಲಿಬರ್ ಹಿಡ್ಕೊಂಡು ಬಂದು ಎಲ್ಲರ ಕೆಲಸ ಕಿತ್ಕೊಳ್ತಾನೆ.

ಬೆಳ್ಳಿಭರ್ಜಿ

ಹೌದು, ಪಾಪ ಅಗ್ರಿಯಾಸ್, ಕೆಲಸ ಕಳ್ಕೊಂಡವಳು ಅವಳೇ. ಆದರೆ ಅವನು ಸೇಥ್‌ಗೆ ಉಲ್ಟಾ. ಸೇಥ್ ಶುರುವಿನಲ್ಲೇ ಸಿಕ್ಕು ಇಡೀ ಆಟ ನುಂಗ್ತಾನೆ, ಓರ್ಲ್ಯಾಂಡೊ ಬರೋ ಹೊತ್ತಿಗೆ ಅಸಲಿ ಕಷ್ಟದ ಕಾಳಗಗಳು ಹಿಂದೆ ಬಿದ್ದಿರುತ್ತವೆ. ಅದೇ ಆಟದಲ್ಲಿ ಕ್ಲೌಡ್ ಲೆವೆಲ್ 1ಕ್ಕೆ ಬರ್ತಾನೆ. ಮಟೀರಿಯಾ ಬ್ಲೇಡ್ ಹುಡುಕಿ ಕೊಡದಿದ್ರೆ ಅವನ ಲಿಮಿಟ್ ಏಟುಗಳನ್ನ ಬಳಸೋಕೂ ಆಗಲ್ಲ. ಫೈನಲ್ ಫ್ಯಾಂಟಸಿಗೆ ಬೇರೆ ಥ್ರೆಡ್ ತೆಗೆಯೋಣ, ಇಲ್ಲಾಂದ್ರೆ ಇದು ಮುಗಿಯಲ್ಲ.

ಗಜಗಮನ

ಥ್ರೆಡ್ ಬೇರೆ ತೆಗೀರಿ. ನಾನು ಬೈಂಡಿಂಗ್ ಬ್ಲೇಡ್ ಮತ್ತೆ ಶುರು ಮಾಡ್ತಿದ್ದೀನಿ. ನಾರ್ಮಲ್ ಮೋಡ್, ವೆಂಡಿಯನ್ನ ಜನರಲ್ (ಆರ್ಮರ್ ನೈಟ್‌ನ ಮೇಲಿನ ಕ್ಲಾಸ್) ಮಾಡೋದೇ ಗುರಿ. ಬೈಯೋರು ಬೈಕೊಳ್ಳಿ. ಅವಳನ್ನ ಎಲ್ಲಿ, ಹೇಗೆ ಬೆಳೆಸೋದು ಅಂತ ಯಾರಾದ್ರೂ ಹೇಳ್ತೀರಾ?

ಹುಬ್ಬಳ್ಳಿ_ಹೆಕ್ಟರ್

8ನೇ ಅಧ್ಯಾಯದಲ್ಲಿ ಬಾರ್ತ್‌ನ ಮುಂದೆ ಬಿಡ್ರಿ, ಅವಳನ್ನ ಅವನ ಬೆನ್ನ ಹಿಂದಿನ ಚೌಕದಲ್ಲಿ ಜಾವೆಲಿನ್ (ದೂರಕ್ಕೆ ಎಸೆಯೋ ಭರ್ಜಿ) ಕೊಟ್ಟು ನಿಲ್ಲಿಸ್ರಿ. ಜಾವೆಲಿನ್ ತೂಕ ಜಾಸ್ತಿ, ಗುರಿ ತಪ್ಪೋದೂ ಜಾಸ್ತಿ. ಎದುರಿಗೆ ತಿರುಗಿ ಹೊಡೆಯೋಕೆ ಆಗದವನು ಇದ್ದಾಗ ಮಾತ್ರ ಎಸೆಯಿರಿ. ಬಿಲ್ಲುಗಾರ ಪಕ್ಕದ ಚೌಕಕ್ಕೆ ಬಂದು ಸಿಕ್ಕಿಬಿದ್ದರೆ ಅವನನ್ನ ಅವಳಿಗೇ ಮೀಸಲಿಡ್ರಿ, ಐರನ್ ಲ್ಯಾನ್ಸ್‌ನಲ್ಲಿ ಚುಚ್ಚಲಿ.

ಬೆಳ್ಳಿಭರ್ಜಿ

ಶತ್ರುವಿನ ಅರ್ಧ ಜೀವ ಇಳಿಸೋಕೆ ಮಾರ್ಕಸ್‌ನನ್ನ ಬಳಸಿ. ಐರನ್ ಸ್ವೋರ್ಡ್ ಮಾತ್ರ, ಸಿಲ್ವರ್ ಲ್ಯಾನ್ಸ್ ಬೇಡ. ಕೊಂದುಬಿಟ್ಟರೆ ಆಮೇಲೆ ಕದ್ದ ಅಂತೀರಿ.

ನೀನೋ_ನನ್ನ_ತಂಗಿ

ವೇಗ ಏರಿಸೋ ಸ್ಪೀಡ್‌ವಿಂಗ್ ಸಿಕ್ಕರೆ ವೆಂಡಿಗೇ ಕೊಡಿ, ರಟ್ಗರ್‌ಗೆ ಬೇಡ. ಮತ್ತೆ ಪ್ರತಿ ಲೆವೆಲ್‌ನ ಸ್ಕ್ರೀನ್‌ಶಾಟ್ ಇಲ್ಲಿ ಹಾಕಬೇಕು, ಎಚ್‌ಪಿ ಒಂದೇ ಏರಿದ್ರೂ ಸರಿ.